ನಫೀಸಕ್ಕನ ಹರಿವಾಣ

ನಮ್ಮ ಅಡುಗೆಮನೆಯ ಕಪಾಟಿನಲ್ಲಿ ನಮ್ಮದಲ್ಲದ ಒಂದು ಹರಿವಾಣ ಉಂಟು. ಅಂಚು ಸ್ವಲ್ಪ ಎತ್ತರವಿರುವ, ಎರಡು ಸೇರು ಅಕ್ಕಿ ಹರಡಿ ಕಲ್ಲು ಆರಿಸಬಹುದಾದಷ್ಟು ಅಗಲದ ಸ್ಟೀಲಿನ ತಟ್ಟೆ. ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ 'ನಫೀಸ' ಎಂದು ಹೆಸರು ಕೊರೆಸಿದ್ದಾರೆ. ಕೊರೆದವನಿಗೆ ಊಟದ ಹೊತ್ತಾಗಿತ್ತೋ ಏನೋ, ಕೊನೆಯ ಅಕ್ಷರ ಸ್ವಲ್ಪ ಕೆಳಗೆ ಜಾರಿದೆ. ಬೇರೆಯವರ ಪಾತ್ರೆ ಒಂದು ವಾರಕ್ಕಿಂತ ಹೆಚ್ಚು ನಮ್ಮಲ್ಲಿ ಉಳಿದರೆ ನನ್ನ ಹೆಂಡತಿ ಸುನಂದಳಿಗೆ ಸಮಾಧಾನವಿರುವುದಿಲ್ಲ. ಇದು ಬಂದು ಕುಳಿತು ನಾಲ್ಕು ತಿಂಗಳಾಯಿತು. ಅವಳು ವಾರಕ್ಕೊಮ್ಮೆ ಅದನ್ನು ತೆಗೆದು, ಒರೆಸಿ, ನನ್ನ ಮುಖ ನೋಡಿ, ಪುನಃ ಅಲ್ಲಿಯೇ ಇಡುತ್ತಾಳೆ.

ನಮ್ಮ ಕಡೆ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ಕ್ರಮ ಇಲ್ಲವೆಂಬುದು ನಿಮಗೆ ಗೊತ್ತೇ ಇದೆ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ನಾನು ಚಿಕ್ಕವನಿದ್ದಾಗ ನಮ್ಮ ಅಮ್ಮ ಒಮ್ಮೆ ಅವಸರದಲ್ಲಿ ಒಂದೇ ಒಂದು ಹಸಿಮೆಣಸು ಹಾಕಿ ಪಕ್ಕದ ಮನೆಯ ಚೆಂಬನ್ನು ಕಳಿಸಿದ್ದರು. ಆ ಮನೆಯವರು ಸಿಕ್ಕಿದಲ್ಲೆಲ್ಲ 'ಮೆಣಸು ಖರ್ಚಾಯ್ತು, ಇನ್ನೊಂದು ಉಂಟಾ?' ಎಂದು ಕೇಳಿ ಕೇಳಿ ಅಮ್ಮನ ಜೀವ ತಿಂದರು. ಅಂಥ ಅಮ್ಮನ ಮಗನಾದ ನಾನು ನಾಲ್ಕು ತಿಂಗಳಿಂದ ಒಂದು ಹರಿವಾಣಕ್ಕೆ ಏನು ಹಾಕಬೇಕೆಂದು ತಿಳಿಯದೆ ಕುಳಿತಿದ್ದೇನೆ.

ಹರಿವಾಣ ಪಕ್ಕದ ಮನೆಯ ಮೋನು ಬ್ಯಾರಿಯವರದ್ದು. ನಫೀಸಕ್ಕ ಅವರ ಹೆಂಡತಿ, ತೀರಿಕೊಂಡು ಆರೇಳು ವರ್ಷವಾಯಿತು. ಬಂಟ್ವಾಳದ ಈ ಬದಿಯಲ್ಲಿ ಎಲ್ಲರಿಗೂ ಅವರು ಮೋನಾಕ. ಎಂಬತ್ತು ದಾಟಿದ್ದಾರೆ. ಹೆದ್ದಾರಿ ಅಗಲವಾಗುವ ಮೊದಲು ರಸ್ತೆ ಬದಿಯಲ್ಲಿ ಅವರ ಬ್ಯಾಟರಿ ಅಂಗಡಿ ಇತ್ತು. ಲಾರಿ, ಜೀಪು, ಟ್ರ್ಯಾಕ್ಟರು, ಮದುವೆಯ ಮೈಕ್ ಸೆಟ್ಟು, ಯಾವುದರ ಬ್ಯಾಟರಿ ಸತ್ತರೂ ಮೋನಾಕ ಬಿಚ್ಚಿ, ಒಳಗಿನ ಪ್ಲೇಟು ಬದಲಿಸಿ, ಸೀಸ ಕರಗಿಸಿ ಬೆಸುಗೆ ಹಾಕಿ, ಆಸಿಡ್ ತುಂಬಿ ಬದುಕಿಸುತ್ತಿದ್ದರು. ಅವರ ಅಂಗಿ, ಲುಂಗಿಗಳಲ್ಲಿ ತೂತಿಲ್ಲದ ಒಂದು ಗೇಣು ಜಾಗ ಇರುತ್ತಿರಲಿಲ್ಲ. ರಸ್ತೆಗೆ ಅಂಗಡಿ ಹೋದಾಗ ಹಿಂದೆ ಉಳಿದ ಜಾಗದಲ್ಲಿ ಐದು ಸೆಂಟ್ಸ್ ನನಗೆ ಕ್ರಯಕ್ಕೆ ಕೊಟ್ಟರು. ನಾನಾಗ ಮೂಡಬಿದಿರೆಯ ಶಾಲೆಯೊಂದರಲ್ಲಿ ವಿಜ್ಞಾನದ ಮಾಷ್ಟ್ರು. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲಿ ಬರುತ್ತಿದ್ದೆ. ಮನೆ ಕಟ್ಟಿದ ಮೇಲೆ ಹಿತ್ತಲಿನಲ್ಲಿ ಸ್ವಲ್ಪ ಜಾಗ ಉಳಿಯಿತು. ಎಲ್ಲ ಶುರುವಾದದ್ದು ಆ ಜಾಗದಿಂದ.

ಹಿತ್ತಲಿಗೆ ಹೋಗುವ ಮೊದಲು ನಿಮ್ಮನ್ನು ಸ್ವಲ್ಪ ಅಳದಂಗಡಿಗೆ ಕರೆದುಕೊಂಡು ಹೋಗಬೇಕು. ನಾನು ಹುಟ್ಟಿದ್ದು ಅಲ್ಲಿ. ನಾವು ಜೈನರು. ಮಣ್ಣಿನ ಅಡಿಯಲ್ಲಿ ಬೆಳೆಯುವ ಯಾವುದನ್ನೂ ನಾವು ತಿನ್ನುವುದಿಲ್ಲ. ಬಟಾಟೆ, ನೀರುಳ್ಳಿ, ಕ್ಯಾರೆಟ್, ಗೆಣಸು ಯಾವುದೂ ಮನೆಯ ಮೆಟ್ಟಿಲು ಹತ್ತುತ್ತಿರಲಿಲ್ಲ. ನಾಲ್ಕನೆಯ ಕ್ಲಾಸಿನಲ್ಲಿರುವಾಗ ಒಂದು ದಿನ ಗೆಳೆಯನ ಮನೆಯಲ್ಲಿ ಬೇಯಿಸಿದ ಗೆಣಸು ಕೊಟ್ಟರು. ತಿಂದೆ. ತಿಂದು ಮುಗಿದ ಮೇಲೆ ಭಯವಾಯಿತು. ದಾರಿಯಲ್ಲಿ ತೋಡಿನ ನೀರಿನಲ್ಲಿ ಬಾಯಿ ಮುಕ್ಕಳಿಸಿದೆ, ಪೇರಳೆ ಎಲೆ ಜಗಿದೆ, ಸಾಲದೆಂದು ಸ್ವಲ್ಪ ಮಣ್ಣು ಹಚ್ಚಿ ಹಲ್ಲು ತಿಕ್ಕಿದೆ. ಇಷ್ಟು ಶುಚಿಯಾದ ಬಾಯಿಯೊಂದಿಗೆ ಶಾಲೆಯಿಂದ ಬಂದ ಹುಡುಗನನ್ನು ಅಜ್ಜಿ ಅದೇ ಮೊದಲು ನೋಡಿದ್ದು. ಹತ್ತಿರ ಕರೆದು, "ಸಿಹಿ ಇತ್ತಾ?" ಎಂದು ಕೇಳಿದರು. ಇತ್ತು ಎಂದೆ. "ಗೊತ್ತಾಯ್ತಲ್ಲ, ಇನ್ನು ಆಸೆ ಪಡುವುದು ಬೇಡ" ಎಂದು ಹೇಳಿ ಒಳಗೆ ಹೋದರು. ಬೈದಿದ್ದರೆ ಮರೆತುಬಿಡುತ್ತಿದ್ದೆ. ಅವರು ಬೈಯಲಿಲ್ಲವಾದ್ದರಿಂದ ಈವರೆಗೆ ಇನ್ನೊಂದು ಗೆಣಸು ತಿಂದಿಲ್ಲ.

ಅದೇ ಅಜ್ಜಿಯಿಂದ ನಾನು ಸುಡುಮಣ್ಣು ಮಾಡಲು ಕಲಿತದ್ದು. ತರಕಾರಿ ಬೆಳೆಸುವವರಿಗೆ ನಮ್ಮ ಊರಲ್ಲಿ ಅದಕ್ಕಿಂತ ದೊಡ್ಡ ಗೊಬ್ಬರ ಇರಲಿಲ್ಲ. ತರಗೆಲೆ, ಒಣಕಸ, ಸಣ್ಣ ಕಡ್ಡಿಗಳನ್ನು ರಾಶಿ ಹಾಕಿ, ಅದರ ಮೇಲೆ ಕೆರೆದ ಮಣ್ಣನ್ನು ಹೊದಿಸಿ, ಬುಡದಲ್ಲಿ ಕಿಡಿ ಇಡುವುದು. ಉರಿಯಬಾರದು, ಬರೀ ಹೊಗೆಯಾಡಬೇಕು. ಮೂರು ದಿನ ಹಾಗೆಯೇ ಬೆಂದು ಮಣ್ಣು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಚಳಿಗಾಲದ ಬೆಳಿಗ್ಗೆ ಆ ರಾಶಿಯ ಬಳಿ ಕುಳಿತು, ಹೊಗೆಗೆ ಕಣ್ಣುಜ್ಜಿಕೊಳ್ಳುತ್ತ, ಮೈ ಬೆಚ್ಚಗೆ ಮಾಡಿಕೊಳ್ಳುವುದು ನನ್ನ ಕೆಲಸ. ಆ ಮಣ್ಣು ಹಾಕಿದ ಸಾಲಿನಲ್ಲಿ ಹರಿವೆ ಸೊಪ್ಪು ಮೊಣಕಾಲೆತ್ತರ ಬರುತ್ತಿತ್ತು. ಅಜ್ಜಿಯದ್ದು ಒಂದೇ ಕಟ್ಟಪ್ಪಣೆ: ಹುಲ್ಲು ಹುಟ್ಟದ ಜಾಗದ ಮಣ್ಣನ್ನು ಕೆರೆಯಬಾರದು. ಯಾಕೆ ಎಂದು ನಾನು ಕೇಳಲಿಲ್ಲ. ಮುಂದೆ ವಿಜ್ಞಾನದ ಮಾಷ್ಟ್ರು ಆಗುವವನಿಗೆ ಅಷ್ಟು ಕುತೂಹಲವಾದರೂ ಇರಬೇಕಿತ್ತು.

ಬಂಟ್ವಾಳದ ಹಿತ್ತಲಿನಲ್ಲಿ ಹುಲ್ಲು ಹುಟ್ಟದ ಒಂದು ಮೂಲೆ ಇತ್ತು. ಮಣ್ಣು ಕಪ್ಪು ಕಪ್ಪು. ನಾನು ಹಾರೆ ಹಿಡಿದು ಅಲ್ಲಿ ನಿಂತದ್ದನ್ನು ಕಂಡು ಮೋನಾಕ ಎರಡು ಮನೆಗಳ ನಡುವಿನ ಪಾಗಾರದ ಗೋಡೆಯ ಆಚೆಯಿಂದ ಕರೆದರು. ನಾವಿಬ್ಬರೂ ಮಾತಾಡುವುದು ತುಳುವಿನಲ್ಲಿ, ಬರೆಯುವಾಗ ಕನ್ನಡಕ್ಕೆ ತಂದಿದ್ದೇನೆ.

"ಮಾಷ್ಟ್ರೇ, ಆ ಮೂಲೆ ಬಿಡಿ. ಅಲ್ಲಿ ಎಂತದ್ದೂ ಬರುದಿಲ್ಲ. ನನ್ನ ಆಸಿಡ್ ಎಲ್ಲ ಚೆಲ್ಲಿದ್ದು ಅಲ್ಲಿಗೇ. ಎರಡು ಬಾಳೆ ನೆಟ್ಟಿದ್ದೆ, ಎರಡೂ ಸತ್ತವು."

"ಆಸಿಡ್ ಅಲ್ವಾ ಮೋನಾಕ? ಸುಣ್ಣ ಹಾಕಿದರೆ ಆಯ್ತು. ಇದು ನಾನು ಎಂಟನೇ ಕ್ಲಾಸಿಗೆ ಮಾಡುವ ಪಾಠ."

"ಹಾಗಾದರೆ ಮಾಡಿ ಮಾರಾಯ್ರೆ" ಎಂದರು ಅವರು. ಕಲಿತವರ ಎದುರು ಮಾತಾಡುವುದು ಅವರ ಸ್ವಭಾವವಲ್ಲ.

ಸುಣ್ಣ ಹಾಕಿದೆ, ಹಟ್ಟಿಗೊಬ್ಬರ ಹಾಕಿದೆ. ಮೂಲೆಯಲ್ಲಿ ತೆಳ್ಳಗಿನ ಮರದ ಪಟ್ಟಿಗಳ ಒಂದು ರಾಶಿ ಬಿದ್ದಿತ್ತು. ಹಿಂದಿನ ಕಾಲದ ಬ್ಯಾಟರಿಗಳಲ್ಲಿ ಎರಡು ಪ್ಲೇಟುಗಳ ನಡುವೆ ಇಡುತ್ತಿದ್ದ ಪಟ್ಟಿಗಳು ಅವು. ಒಣಗಿ ಗರಿಗರಿಯಾಗಿದ್ದವು. ಪೇಟೆಯಲ್ಲಿ ತರಗೆಲೆ ಸಿಗುವುದು ಕಷ್ಟ ಎಂದು ಕೊರಗುತ್ತಿದ್ದವನಿಗೆ ಇದಕ್ಕಿಂತ ಇನ್ನೇನು ಬೇಕು? ಎರಡು ಮೂರು ವರ್ಷ ಆ ಪಟ್ಟಿಗಳನ್ನೇ ಅಡಿಯಲ್ಲಿ ಹಾಕಿ, ಆ ಕಪ್ಪು ಮಣ್ಣನ್ನೇ ಮೇಲೆ ಹೊದಿಸಿ, ಅಜ್ಜಿ ಕಲಿಸಿದ ಕ್ರಮ ಒಂದೂ ತಪ್ಪದಂತೆ ಸುಡುಮಣ್ಣು ಮಾಡಿದೆ. ಮಾಡಿ ಹಿತ್ತಲಿನ ಎಲ್ಲ ಸಾಲುಗಳಿಗೂ ಸಮನಾಗಿ ಹಂಚಿದೆ. ಆಸಿಡ್ ಒಂದನ್ನು ನೆನಪಿಟ್ಟುಕೊಂಡ ವಿಜ್ಞಾನದ ಮಾಷ್ಟ್ರಿಗೆ ಸೀಸ ನೆನಪಾಗಲೇ ಇಲ್ಲ.

ನೆನಪಾಗಲಿಲ್ಲ ಎಂದರೆ ಅದೂ ಸುಳ್ಳು. ಮಣ್ಣು ಅಗೆಯುವಾಗ ಬೂದು ಬಣ್ಣದ ಒಂದು ಚಪ್ಪಟೆ ತುಂಡು ಸಿಕ್ಕಿತ್ತು. ಗಾತ್ರಕ್ಕೆ ಮೀರಿದ ಭಾರ, ಕಾಗದದ ಮೇಲೆ ಗೀರಿದರೆ ಗೆರೆ ಬೀಳುತ್ತಿತ್ತು. ಸೀಸ ಎಂದು ನೋಡಿದ ಕೂಡಲೇ ಗೊತ್ತಾಯಿತು, ಸಂತೋಷವೂ ಆಯಿತು. ಪೆನ್ಸಿಲಿನ ಒಳಗೆ ಇರುವುದು ಸೀಸವಲ್ಲ, ಮಕ್ಕಳೇ, ನಿಜವಾದ ಸೀಸ ಇದು ಎಂದು ತೋರಿಸಲು ಅದನ್ನು ಕ್ಲಾಸಿಗೆ ಕೊಂಡುಹೋದೆ. ನಿವೃತ್ತನಾಗುವವರೆಗೂ ಪ್ರತಿ ವರ್ಷ ಕೊಂಡುಹೋದೆ. ಸೀಸ ವಿಷ, ಮೈಗೆ ಸೇರಿದರೆ ಮಕ್ಕಳ ಬುದ್ಧಿಯ ಬೆಳವಣಿಗೆಗೆ ಕೆಟ್ಟದ್ದು ಎಂದು ಬೋರ್ಡಿನ ಮೇಲೆ ಬರೆದೆ. ಆಮೇಲೆ ಕೈ ತೊಳೆದುಕೊಂಡು, ಬಸ್ಸು ಹತ್ತಿ ಮನೆಗೆ ಬಂದು, ಹಿತ್ತಲಿನ ಹರಿವೆಯ ಪಲ್ಯ ಹಾಕಿಸಿಕೊಂಡು ಊಟ ಮಾಡಿದೆ. ಇಷ್ಟು ವರ್ಷ ಹೀಗೆ ಮಾಡಿದವನನ್ನು ಏನೆಂದು ಕರೆಯಬೇಕೋ ನೀವೇ ಹೇಳಿ. ನನ್ನ ಹೆಂಡತಿ ಒಂದು ಶಬ್ದ ಹೇಳಿದ್ದಾಳೆ, ಅದನ್ನು ಇಲ್ಲಿ ಬರೆಯುವಂತಿಲ್ಲ.

ಹರಿವೆ ಮಾತ್ರ ಏನು ಬೆಳೆಯಿತು ಅಂತೀರಿ. ಕೆಂಪೆಂದರೆ ಕೆಂಪು, ದಂಟು ಹೆಬ್ಬೆರಳಿನ ದಪ್ಪ. ಮಳೆಗಾಲದ ನಾಲ್ಕು ತಿಂಗಳು ಸುನಂದ ವ್ರತವೆಂದು ಸೊಪ್ಪು ಮುಟ್ಟುವುದಿಲ್ಲ. ನಾನು ಡಾಕ್ಟರು ಹೇಳಿದ್ದಾರೆಂಬ ನೆವ ಹೇಳಿ ವರ್ಷವಿಡೀ ತಿಂದೆ. ಪ್ರತಿ ಶುಕ್ರವಾರ ಬೆಳಿಗ್ಗೆ ಒಳ್ಳೆಯ ದಂಟುಗಳನ್ನು ಆರಿಸಿ ಕೊಯ್ದು ನಫೀಸಕ್ಕನ ಹರಿವಾಣದಲ್ಲಿ ಇಟ್ಟು ಪಾಗಾರದ ಮೇಲಿಂದ ದಾಟಿಸುವುದು ನಮ್ಮ ಕ್ರಮವಾಯಿತು. ಒಂದೆರಡು ದಿನದಲ್ಲಿ ಹರಿವಾಣ ಹಿಂದೆ ಬರುತ್ತಿತ್ತು. ಜೈನರ ಮನೆಗೆ ಏನು ಕಳಿಸಬಹುದು, ಏನು ಕಳಿಸಬಾರದು ಎಂದು ನಫೀಸಕ್ಕನಿಗೆ ನನ್ನ ಹೆಂಡತಿಗಿಂತ ಚೆನ್ನಾಗಿ ಗೊತ್ತಿತ್ತು. ಬಾಳೆಹಣ್ಣು, ಬೆಲ್ಲ, ದುಬೈಯಿಂದ ಯಾರಾದರೂ ಬಂದಿದ್ದರೆ ಖರ್ಜೂರ. ಅವರು ಹೋದ ಮೇಲೆ ಮೊಮ್ಮಗಳು ಶಬಾನಾ ಅಜ್ಜನ ಜತೆಗಿರಲು ಬಂದಳು. ಗಂಡ ದುಬೈಯಲ್ಲಿ, ಅವಳು ಮೂಡಬಿದಿರೆಯ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಲೆಕ್ಚರರ್. ಒಂದು ಕಾಲದಲ್ಲಿ ನನ್ನದೇ ಕ್ಲಾಸಿನಲ್ಲಿ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದವಳು. ಹರಿವಾಣದ ಹೋಗಿಬರುವಿಕೆ ನಿಲ್ಲಲಿಲ್ಲ.

ಶಬಾನಾಳ ಮಗಳು ಹಿಬಾಗೆ ಈಗ ಮೂರು ವರ್ಷ. ಹರಿವೆಯ ಸಾರು ಕಲಸಿದರೆ ಅನ್ನ ಗುಲಾಬಿ ಬಣ್ಣಕ್ಕೆ ತಿರುಗುತ್ತದಲ್ಲ, ಆ 'ಕೆಂಪು ಅನ್ನ' ಅಲ್ಲದೆ ಬೇರೆ ಅನ್ನ ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಶುಕ್ರವಾರ ಮೋನಾಕ ಅವಳನ್ನು ಎತ್ತಿ ಪಾಗಾರದ ಮೇಲೆ ಕೂರಿಸುತ್ತಿದ್ದರು, ಅವಳು ಎರಡೂ ಕೈ ಚಾಚುತ್ತಿದ್ದಳು. ಆ ಕೈಗಳಿಗೆ ಸೊಪ್ಪು ಕೊಡುವಾಗ ನನಗೆ ಹೆಮ್ಮೆಯಾಗುತ್ತಿತ್ತು.

ಶಬಾನಾ ತನ್ನ ವಿದ್ಯಾರ್ಥಿಗಳಿಂದ ಒಂದು ಪ್ರಾಜೆಕ್ಟ್ ಮಾಡಿಸುತ್ತಿದ್ದಳು. ಪೇಟೆಯ ಹಿತ್ತಲುಗಳಲ್ಲಿ, ರಸ್ತೆ ಬದಿಯ ತರಕಾರಿ ತೋಟಗಳಲ್ಲಿ ಮಣ್ಣು ಹೇಗುಂಟು ಎಂದು ಪರೀಕ್ಷೆ. ನನ್ನ ಹಿತ್ತಲಿನದನ್ನೂ ಕೇಳಿದಳು. ನಾನು ಅತಿ ಒಳ್ಳೆಯ ಸಾಲಿನ ಮಣ್ಣನ್ನು ತುಂಬಿ, ಜತೆಗೆ ಒಂದು ಕಟ್ಟು ಹರಿವೆಯನ್ನೂ ಕೊಟ್ಟೆ. ಇಡೀ ತಾಲೂಕಿಗೆ ಮೊದಲ ಸ್ಥಾನ ಬರುತ್ತದೆಂದು ಒಳಗೊಳಗೇ ನಂಬಿದ್ದೆ.

ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ಅವಳು ಕಾಲೇಜಿನಿಂದ ತನ್ನ ಮನೆಗೆ ಹೋಗದೆ ನೇರ ನಮ್ಮಲ್ಲಿಗೆ ಬಂದಳು. ಬ್ಯಾಗ್ ಕೂಡ ಕೆಳಗಿಡದೆ ಒಂದು ಹಾಳೆ ನನ್ನ ಕೈಗೆ ಕೊಟ್ಟಳು. ಸೀಸದ ಎದುರಿನ ಸಂಖ್ಯೆಯನ್ನು ನೋಡಿ ನಾನು ಮೊದಲು ಮಾಡಿದ್ದು ದಶಾಂಶ ಬಿಂದುವನ್ನು ಹುಡುಕಿದ್ದು. ಪರೀಕ್ಷೆಯ ಪೇಪರುಗಳಲ್ಲಿ ಮಕ್ಕಳು ಬಿಂದು ಹಾಕಲು ಮರೆಯುವುದನ್ನು ನಾನು ಬೇಕಾದಷ್ಟು ಕಂಡವನು.

"ಎರಡು ಸಲ ಮಾಡಿಸಿದೆ ಸರ್" ಎಂದಳು. "ಮಣ್ಣಲ್ಲಿಯೂ ಉಂಟು, ಸೊಪ್ಪಿನಲ್ಲಿಯೂ ಉಂಟು."

ನಾನು ಹಾಳೆಯನ್ನು ತಿರುಗಿಸಿ ನೋಡಿದೆ. ಅವಳೇ ಮುಂದುವರಿಸಿದಳು. "ನೀವು ಕ್ಲಾಸಿಗೆ ಒಂದು ತುಂಡು ತರುತ್ತಿದ್ದಿರಿ. ಎಲ್ಲಿ ಸಿಕ್ಕಿತು ಸರ್ ಅಂತ ನಾನೇ ಕೇಳಿದ್ದೆ. ಮನೆಯ ತೋಟದಲ್ಲಿ ಅಂದಿರಿ. ನಾನು ಅದನ್ನೂ ನೋಟ್ಸಲ್ಲಿ ಬರೆದುಕೊಂಡಿದ್ದೆ."

ಒಳಗಿನಿಂದ ಬಂದ ಸುನಂದ ಹಾಳೆಯನ್ನು ನೋಡಲಿಲ್ಲ, ನಮ್ಮಿಬ್ಬರ ಮುಖ ನೋಡಿದಳು. "ಮಗು?" ಎಂದು ಕೇಳಿದಳು.

"ನಾಳೆ ಮಂಗಳೂರಿಗೆ ಕರಕೊಂಡು ಹೋಗ್ತೇನೆ ಆಂಟಿ, ರಕ್ತ ಪರೀಕ್ಷೆಗೆ" ಎಂದಳು ಶಬಾನಾ. "ಅಜ್ಜನಿಗೆ ಹೇಳುವುದು ಹೇಗೆ ಅಂತ ಗೊತ್ತಾಗುದಿಲ್ಲ. ಅದು ಅವರ ಅಂಗಡಿಯ ಜಾಗ."

ನಾನು ಹೇಳುತ್ತೇನೆ ಎಂದೆ.

ಮೋನಾಕ ಜಗಲಿಯಲ್ಲಿ ಕುಳಿತಿದ್ದರು. ನನ್ನ ಬಾಯಿಂದ ಬಂದದ್ದು ಮಾತ್ರ ಬೇರೆ. ಹೆದ್ದಾರಿಯಲ್ಲಿ ಇಷ್ಟು ಗಾಡಿ ಓಡುತ್ತದೆ, ಹೊಗೆ, ಧೂಳು ಎಲ್ಲ ನಮ್ಮ ಹಿತ್ತಲಿಗೆ ಬೀಳುತ್ತದೆ, ಅದರಿಂದಾಗಿ ಸೊಪ್ಪಿಗೆ ಸ್ವಲ್ಪ ಸೀಸ ಹತ್ತಿದೆ, ಮಗುವಿಗೆ ಇನ್ನು ಕೊಡುವುದು ಬೇಡ ಎಂದೆ. ಎಂಬತ್ತರ ಮೇಲಿನ ಜೀವಕ್ಕೆ ನೋವಾಗಬಾರದೆಂದು ಹಾಗೆ ಹೇಳಿದೆ ಎಂದು ಸುನಂದಳಿಗೆ ವರದಿ ಒಪ್ಪಿಸಿದ್ದೇನೆ. ನಿಮ್ಮಲ್ಲಿ ಮುಚ್ಚಿಡುವುದು ಯಾಕೆ, ಅವರಿಗೆ ಬರುವ ದುಃಖದ ಎದುರು ಕುಳಿತುಕೊಳ್ಳುವ ಧೈರ್ಯ ನನಗಿರಲಿಲ್ಲ.

ಮೋನಾಕ ಪೂರ್ತಿ ಕೇಳಿಸಿಕೊಂಡರು. ಆಮೇಲೆ ತಮ್ಮ ಎರಡು ಅಂಗೈಗಳನ್ನು ಮಡಿಲಲ್ಲಿ ಬಿಡಿಸಿಟ್ಟು ನೋಡುತ್ತ ಹೇಳಿದರು.

"ಸೀಸದ ವಿಷಯ ನನಗೆ ಹೇಳ್ತೀರಾ ಮಾಷ್ಟ್ರೇ? ಜೀವಮಾನ ಇಡೀ ಅದನ್ನು ಕರಗಿಸಿದವ ನಾನು. ಆಗೆಲ್ಲ ಹೊಟ್ಟೆ ನುಲಿಯುತ್ತಿತ್ತು, ಗ್ಯಾಸ್ ಅಂತ ವರ್ಷಗಟ್ಟಲೆ ಓಮದ ನೀರು ಕುಡಿದೆ. ಹೈವೇಗೆ ಬೈಯುದು ಸುಲಭ. ಅದಕ್ಕೆ ಮರಿಮಕ್ಕಳಿಲ್ಲ."

"ಸುಟ್ಟು ಎಲ್ಲ ಕಡೆ ಹರಡಿದ್ದು ನಾನು ಮೋನಾಕ. ನೀವು ಬೇಡ ಅಂದಿದ್ದಿರಿ."

"ಅಲ್ಲಿ ಬಿಸಾಡಿದ್ದು ಯಾರು?"

ಮೋನಾಕ ಗೋಡೆ ಹಿಡಿದು ಎದ್ದು ಒಳಗೆ ಹೋದರು. ಇಷ್ಟು ವರ್ಷಗಳಲ್ಲಿ 'ಬರ್ತೇನೆ' ಎನ್ನದೆ, 'ಆಯ್ತು' ಎನ್ನಿಸಿಕೊಳ್ಳದೆ ನಾನು ಆ ಜಗಲಿ ಇಳಿದದ್ದು ಅದೊಂದೇ ಸಲ. ಅದರ ನಂತರ ಮೋನಾಕ ಪಾಗಾರದ ಬಳಿ ಬರುವುದನ್ನು ಬಿಟ್ಟರು. ಹಿಂದಿನ ದಿನ ಬಾಳೆಹಣ್ಣು ತುಂಬಿಕೊಂಡು ಬಂದಿದ್ದ ಹರಿವಾಣ ನಮ್ಮಲ್ಲಿಯೇ ಉಳಿಯಿತು.

ಮಗುವಿನ ರಕ್ತದಲ್ಲಿ ಸೀಸ ಇತ್ತು. ಆಸ್ಪತ್ರೆಗೆ ಸೇರಿಸುವಷ್ಟಲ್ಲ, ಆದರೆ ಇರಬಾರದಷ್ಟು ಉಂಟು ಎಂದರಂತೆ ಡಾಕ್ಟರು. ಬೆಳೆಯುವ ಮಗುವಾದ್ದರಿಂದ ಕಾದು ನೋಡಬೇಕು. ಆ ಸೊಪ್ಪು ನಿಲ್ಲಿಸಿ, ಆ ಮಣ್ಣಿನಲ್ಲಿ ಆಡಲು ಬಿಡಬೇಡಿ, ಹಾಲು, ರಾಗಿ, ಕಬ್ಬಿಣದ ಅಂಶದ ಔಷಧ ಕೊಡಿ, ಮೂರು ತಿಂಗಳಾದ ಮೇಲೆ ಪುನಃ ಪರೀಕ್ಷೆ ಮಾಡುವ ಎಂದರಂತೆ. ಶಬಾನಾ ಇದನ್ನೆಲ್ಲ ಹೇಳುವಾಗ ಒಂದು ಸಲವೂ ನನ್ನನ್ನು ದೂರಲಿಲ್ಲ. ದೂರಬೇಕಿತ್ತು. ನಮ್ಮಿಬ್ಬರ ರಕ್ತವನ್ನೂ ಪರೀಕ್ಷೆ ಮಾಡಿಸಿದೆವು. ವ್ರತ ಹಿಡಿದವಳದ್ದು ಕಡಿಮೆ, ನೆವ ಹೇಳಿದವನದ್ದು ಹೆಚ್ಚು. ಡಾಕ್ಟರು ನನ್ನ ಚೀಟಿ ನೋಡಿ, ಬ್ಯಾಟರಿ ಕೆಲಸವಾ ಎಂದು ಕೇಳಿದರು. ಅಲ್ಲ, ವಿಜ್ಞಾನದ ಮಾಷ್ಟ್ರು ಎಂದೆ. ನಗುತ್ತಾರೇನೋ ಎಂದುಕೊಂಡೆ, ನಗಲಿಲ್ಲ.

ಹಿತ್ತಲಿನ ಮಣ್ಣನ್ನು ತೆಗೆಸಬೇಕೆಂದು ಹೊರಟೆ. ತೆಗೆದು ಎಲ್ಲಿ ಹಾಕುವುದು? ಇಳಿಜಾರಿನ ಕೆಳಗೆ ನೇತ್ರಾವತಿ ಹರಿಯುತ್ತಾಳೆ, ಅಲ್ಲಿ ಹಾಕುವ ಮಾತೇ ಇಲ್ಲ. ಮಣ್ಣು ಬೇಕಿತ್ತು ಎಂದು ಕೇಳಿಕೊಂಡು ಬಂದ ಒಬ್ಬರು ತೋಟಕ್ಕೆಂದು ಹೇಳಿದ ಕೂಡಲೇ ಅವರನ್ನು ಚಹಾ ಕೊಟ್ಟು ಕಳಿಸಿದೆ. ಕೊನೆಗೆ ಅದು ಇದ್ದಲ್ಲಿಯೇ ಉಳಿಯಿತು. ಶಬಾನಾ ಹೇಳಿದಂತೆ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಇಂಟರ್‌ಲಾಕ್ ಕಲ್ಲು ಕೂರಿಸಿದೆವು. ಮಣ್ಣಿನ ಅಡಿಯದ್ದನ್ನು ಮುಟ್ಟುವುದಿಲ್ಲ ಎಂದು ತಲೆಮಾರುಗಳಿಂದ ಹೇಳಿಕೊಂಡು ಬಂದ ಮನೆತನದವನು ನಾನು. ಮಣ್ಣಿನ ಅಡಿಯಲ್ಲಿ ಇದ್ದದ್ದನ್ನು ಹರಿವೆ ಮೇಲೆ ತಂದು ಕೊಟ್ಟಿತು, ನಾನು ಉಪ್ಪು ಹಾಕಿ ತಿಂದೆ, ಮಗುವಿಗೂ ತಿನ್ನಿಸಿದೆ. ಅಜ್ಜಿ ಇದ್ದಿದ್ದರೆ ಈ ಸಲ ಸಿಹಿ ಇತ್ತಾ ಎಂದು ಕೇಳುತ್ತಿರಲಿಲ್ಲ.

ಹರಿವೆ ಬಿಟ್ಟು ಇರಲು ಮಾತ್ರ ನನ್ನಿಂದ ಆಗಲಿಲ್ಲ. ಅಳದಂಗಡಿಯಲ್ಲಿ ಅಜ್ಜಿ ತರಕಾರಿ ಬೆಳೆಸುತ್ತಿದ್ದ ಜಾಗದಿಂದ ಪಿಕಪ್‌ನಲ್ಲಿ ಹತ್ತು ಗೋಣಿ ಮಣ್ಣು ತರಿಸಿದೆ. ಅದನ್ನೂ ಪರೀಕ್ಷೆ ಮಾಡದೆ ಬೀಜ ಹಾಕಬಾರದು ಎಂದಳು ಶಬಾನಾ. ಅಜ್ಜಿಯ ಮಣ್ಣಿಗೆ ಪರೀಕ್ಷೆಯಾ ಎಂದು ನನಗೆ ಸಿಟ್ಟು ಬಂತು. ಸಿಟ್ಟು ಮಾಡಿಕೊಳ್ಳುವ ಅರ್ಹತೆ ನನಗೆ ಉಳಿದಿರಲಿಲ್ಲವಾದ್ದರಿಂದ ಸುಮ್ಮನೆ ತುಂಬಿಸಿ ಕೊಟ್ಟೆ. ಮಣ್ಣು ಪಾಸಾಯಿತು. ಈಗ ನಮ್ಮ ಟೆರೇಸಿನ ಮೇಲೆ ಗೋಣಿಗಳಲ್ಲಿ ಹರಿವೆ ಎರಡು ಗೇಣು ಬಂದಿದೆ. ಇನ್ನೂ ಒಂದು ಎಲೆಯನ್ನೂ ಕೊಯ್ದಿಲ್ಲ.

ಸುನಂದ ಹೇಳಿ ಸಾಕಾದಳು, ಬಾಳೆಹಣ್ಣು ಹಾಕಿ ಹರಿವಾಣ ಕೊಟ್ಟು ಬನ್ನಿ ಎಂದು. ಒಮ್ಮೆ ಸಕ್ಕರೆ ಹಾಕಿ ಗೇಟಿನವರೆಗೆ ಹೋಗಿ ಹಿಂದೆ ಬಂದೆ. ಬೇರೆ ಏನನ್ನು ಹಾಕಿ ಕೊಟ್ಟರೂ ನಮ್ಮ ಶುಕ್ರವಾರ ಇನ್ನಿಲ್ಲ ಎಂದು ನಾನೇ ಹೇಳಿದ ಹಾಗೆ. ಹರಿವೆ ಹಾಕಿ ಕೊಡಲು ಯಾವ ಮುಖ ಉಂಟು ನನಗೆ?

ಇಷ್ಟು ಬರೆದು ಪೆನ್ನು ಕೆಳಗಿಟ್ಟಿದ್ದೆ. ಗೇಟು ಕಿರುಗುಟ್ಟಿತು. ಮೋನಾಕ ಕೋಲೂರಿಕೊಂಡು ನಿಂತಿದ್ದರು, ಅವರ ಲುಂಗಿಯ ಅಂಚು ಹಿಡಿದು ಹಿಬಾ. ಮಗುವಿಗೆ ಎರಡನೆಯ ಪರೀಕ್ಷೆಯಾಗಿ ವಾರವಾಗಿತ್ತೆಂದು ನನಗೆ ಗೊತ್ತಿತ್ತು. ಏನು ಬಂತೆಂದು ಗೊತ್ತಿರಲಿಲ್ಲ.

"ನಮ್ಮ ಹರಿವಾಣ ನಿಮ್ಮಲ್ಲಿ ಉಂಟಲ್ಲ ಮಾಷ್ಟ್ರೇ" ಎಂದರು. "ನಫೀಸ ಇದ್ದಿದ್ದರೆ ಇಷ್ಟು ದಿನ ಪಾತ್ರೆ ಬಿಡ್ತಿರಲಿಲ್ಲ."

ಸುನಂದ ಕಪಾಟಿನಿಂದ ತಂದು ನನ್ನ ಕೈಗೆ ಕೊಟ್ಟಳು. ನಾನು ಬರಿಯ ಹರಿವಾಣ ಹಿಡಿದುಕೊಂಡು ಅಲ್ಲಿಯೇ ನಿಂತೆ. ಮೋನಾಕ ಅದನ್ನು ತೆಗೆದುಕೊಳ್ಳಲು ಕೈ ಮುಂದೆ ಮಾಡಲಿಲ್ಲ.

"ಕಮ್ಮಿ ಆಗಿದೆ. ಪೂರ್ತಿ ಹೋಗ್ಲಿಲ್ಲ, ಕಮ್ಮಿ ಆಗಿದೆ. ಹೀಗೇ ಇಳೀತದೆ ಅಂದ್ರಂತೆ ಡಾಕ್ಟ್ರು." ತಲೆಯೆತ್ತಿ ನೋಡಿ, "ಮೇಲೆ ಎಂತದೋ ಕೆಂಪು ಕಾಣ್ತಾ ಉಂಟಲ್ಲ ನಿಮ್ಮ ಟೆರೇಸಲ್ಲಿ. ಯಾರ ಮಣ್ಣು ಅದು?"

"ನನ್ನ ಅಜ್ಜಿಯದ್ದು."

"ಟೆಸ್ಟ್?"

"ನಿಮ್ಮ ಮೊಮ್ಮಗಳೇ ಮಾಡಿದ್ದು."

"ಮತ್ತೆ ಬರಿದೇ ಹರಿವಾಣ ಹಿಡ್ಕೊಂಡು ಎಂತ ನಿಂತದ್ದು?"

ಮೆಟ್ಟಿಲು ಹತ್ತಿ ಟೆರೇಸಿಗೆ ಹೋದೆ. ಒಳ್ಳೆಯ ದಂಟುಗಳನ್ನು ಆರಿಸಿ ಕೊಯ್ದೆ. ಅವಳು ಮೂರು ನೀರಿನಲ್ಲಿ ತೊಳೆದಳು, ನಾನು ನಾಲ್ಕನೆಯ ನೀರಿನಲ್ಲಿ ತೊಳೆದೆ. ಹಿಬಾ ಎರಡೂ ಕೈ ಚಾಚಿ ನಿಂತಿದ್ದಳು. ಹರಿವಾಣ ಅವಳಿಗಿಂತ ಅಗಲ, ಒಂದು ಬದಿಯನ್ನು ಅವಳು, ಇನ್ನೊಂದು ಬದಿಯನ್ನು ನಾನು ಹಿಡಿದುಕೊಂಡು ಅವರ ಮನೆಯವರೆಗೆ ಹೋದೆವು. ಜಗಲಿಯಲ್ಲಿ ಮೋನಾಕನಿಗೆ 'ಬರ್ತೇನೆ' ಎಂದೆ. 'ಆಯ್ತು' ಎಂದರು.

ಕಪಾಟಿನಲ್ಲಿ ಹರಿವಾಣದ ಜಾಗ ಈಗ ಖಾಲಿ ಉಂಟು. ಸುನಂದ ಅಲ್ಲಿ ಬೇರೇನನ್ನೂ ಇಟ್ಟಿಲ್ಲ. ಎರಡು ದಿನದಲ್ಲಿ ಅದು ಬಾಳೆಹಣ್ಣು ಹೊತ್ತುಕೊಂಡು ಬರುತ್ತದೆ, ಆಗ ಎಲ್ಲಿ ಇಡುವುದು ಎಂದು ಕೇಳುತ್ತಾಳೆ.